ಕರೆಂಟು ಹೋದಾಗ ನಿನ್ನ ಲಿನಕ್ಸ್ ಏನು ಮಾಡುತ್ತದೆ?

ಪುಟ್ಟ ಬೋರ್ಡಿನ ಮೇಲೆ ಪೂರ್ತಿ ಲಿನಕ್ಸ್ ಓಡುತ್ತದೆಯೇ ಎಂದು ಕೇಳುವ ಕಾಲ ಮುಗಿಯಿತು, ಮಗೂ. 2012ರಲ್ಲೇ ದ್ಮಿತ್ರಿ ಗ್ರಿನ್‌ಬರ್ಗ್ ಎಂಬಾತ ಎಂಟು ಬಿಟ್ಟಿನ ಎವಿಆರ್ ಚಿಪ್ಪಿನಲ್ಲಿ ಉಬುಂಟು ಓಡಿಸಿ ತೋರಿಸಿದ. ಆ ಚಿಪ್ಪಿಗೆ ಲಿನಕ್ಸ್ ಹೊರುವ ತಾಕತ್ತೇ ಇಲ್ಲ. ಹಾಗಾಗಿ ಅದರೊಳಗೆ ಆರ್ಮ್ ಪ್ರೊಸೆಸರಿನ ವೇಷ ಹಾಕುವ ಪ್ರೋಗ್ರಾಂ ಬರೆದ, ಹಳೇ ಪಿಸಿಯ ಮೆಮೊರಿ ಪಟ್ಟಿಯೊಂದನ್ನು ಸಿಕ್ಕಿಸಿದ, ಬೂಟ್ ಮಾಡಿದ. ಬರೀ ಕಮಾಂಡ್ ಪ್ರಾಂಪ್ಟ್ ಬರಲು ಸುಮಾರು 2 ಗಂಟೆ. ಉಬುಂಟು ಪೂರ್ತಿ ಏಳಲು ಮತ್ತೆ 4 ಗಂಟೆ. ಆತ ಮಾಡಿದ್ದು ತಮಾಷೆಗೆ. ಆದರೆ ಅದನ್ನು ಓದಿದ ಮೇಲೆ ‘ನಮ್ಮ ಬೋರ್ಡಿನಲ್ಲಿ ಓಡುತ್ತೆ ಸಾರ್’ ಎಂದು ಯಾರಾದರೂ ಹೇಳಿದರೆ ನಾನು ಅಷ್ಟಾಗಿ ಹಿಗ್ಗುವುದಿಲ್ಲ. ಡೆಮೊ ದಿನ ಎಲ್ಲವೂ ಓಡುತ್ತದೆ.

ನಿನ್ನ ಮೇಜಿನ ಮೇಲೆ ರಾಸ್ಪ್‌ಬೆರಿ ಪೈ ಇರುವಾಗ ಶಟ್‌ಡೌನ್ ಕಮಾಂಡ್ ಕೊಟ್ಟು ಆರಿಸುತ್ತೀಯ. ಅದೇ ಪೆಟ್ಟಿಗೆ ಹೊಲದ ಬೋರ್‌ವೆಲ್ ಸ್ಟಾರ್ಟರ್ ಪಕ್ಕ ಕೂತಾಗ ಆ ಕಮಾಂಡ್ ಕೊಡುವವರು ಯಾರು? ಕರೆಂಟು ಹೋಗುತ್ತದೆ, ಬರುತ್ತದೆ, ಬಂದ ಹಾಗೇ ಹೋಗುತ್ತದೆ. ನೀನು ಏನೂ ಬರೆಸದಿದ್ದರೂ ಲಿನಕ್ಸ್ ಸುಮ್ಮನೆ ಕೂರುವುದಿಲ್ಲ, ಲಾಗ್ ಬರೆಯುತ್ತಲೇ ಇರುತ್ತದೆ. ಎಸ್‌ಡಿ ಕಾರ್ಡಿನೊಳಗಿನ ಫ್ಲ್ಯಾಶ್‌ನಲ್ಲಿ ಒಂದು ಸಾಲನ್ನಷ್ಟೇ ಅಳಿಸಿ ತಿದ್ದಲು ಬರುವುದಿಲ್ಲ. ಅಳಿಸಿದರೆ ಇಡೀ ಬ್ಲಾಕ್ ಅಳಿಯಬೇಕು. ಆ ಕೆಲಸದ ನಡುವೆ ಕರೆಂಟು ಹೋದರೆ, ನೀನು ಮುಟ್ಟದೇ ಇದ್ದ ಫೈಲೂ ಕೆಡಬಹುದು. ಅದಕ್ಕೇ ರೂಟ್ ಫೈಲ್‌ಸಿಸ್ಟಮನ್ನು ಓದಲಿಕ್ಕೆ ಮಾತ್ರ ಬಿಡು. ಅದರ ಮೇಲೆ ಬರೆಯುವ ಪದರ ಹಾಸುವ ಓವರ್‌ಲೇ ಎಫ್‌ಎಸ್ 2014ರಿಂದ ಕರ್ನಲ್‌ನಲ್ಲೇ ಇದೆ. ಬದಲಾವಣೆಗಳೆಲ್ಲ ರ್‍ಯಾಮ್‌ನಲ್ಲಿ ನಿಲ್ಲಲಿ, ಉಳಿಯಲೇಬೇಕಾದ ಡೇಟಾಕ್ಕೆ ಬೇರೆ ಪಾರ್ಟಿಷನ್ ಮಾಡು. ಆಮೇಲೆ ಡೇಟಾ ಬರೆಯುತ್ತಿರುವಾಗಲೇ ಪ್ಲಗ್ ಕೀಳು. ಒಂದು ಸಲ ಕಿತ್ತು ‘ಏನೂ ಆಗಲಿಲ್ಲ’ ಎನ್ನಬೇಡ. ನೂರು ಸಲ ಕೀಳು.

ಗಡಿಯಾರವನ್ನೂ ನೋಡಿಕೋ. ನಾಲ್ಕನೇ ಪೈವರೆಗೆ ಬೋರ್ಡಿನ ಮೇಲೆ ಬ್ಯಾಟರಿ ಗಡಿಯಾರವೇ ಇರಲಿಲ್ಲ. ನೆಟ್ ಸಿಗದೆ ಎದ್ದರೆ ಅದಕ್ಕೆ ಹಳೇ ತಾರೀಖೇ ಇವತ್ತು; ಸರ್ಟಿಫಿಕೇಟ್ ಹೊಂದದೆ ಸಂಪರ್ಕ ಮುರಿಯುತ್ತದೆ, ಬೈಗುಳ ಸರ್ವರ್‌ನವರಿಗೆ ಬೀಳುತ್ತದೆ.

ಇಷ್ಟೆಲ್ಲ ಹೇಳಿದೆನೆಂದು ಪೂರ್ತಿ ಓಎಸ್ ಬೇಡವೆಂದು ತಿಳಿಯಬೇಡ. ಲಿಂಕ್‌ಸಿಸ್‌ನ ಡಬ್ಲ್ಯೂಆರ್‌ಟಿ54ಜಿ ರೂಟರ್‌ನಲ್ಲಿ ಲಿನಕ್ಸ್ ಇತ್ತು. 2003ರಲ್ಲಿ ಅದರ ಸೋರ್ಸ್ ಹೊರಬಂತು, ಮರುವರ್ಷ ರೂಟರ್‌ಗೆಂದೇ ಓಪನ್‌ಡಬ್ಲ್ಯೂಆರ್‌ಟಿ ಎಂಬ ಲಿನಕ್ಸ್ ಹುಟ್ಟಿತು. ಕಂಡವರೆಲ್ಲ ಕೈಹಾಕಿ ಬೆಳೆಸಿದರು. ಪರದೆಯ ಮೇಲೆ ಕನ್ನಡದ ಒತ್ತಕ್ಷರ ಸರಿಯಾಗಿ ಮೂಡಬೇಕೆಂದರೂ ನಾನು ಲಿನಕ್ಸನ್ನೇ ಹಾಕುತ್ತೇನೆ; ಅಕ್ಷರ ಜೋಡಿಸುವ ಹಾರ್ಫ್‌ಬಜ್ ಲೈಬ್ರರಿ ಆ ಕೆಲಸವನ್ನು ಆಗಲೇ ಮಾಡಿಟ್ಟಿದೆ. ಆದರೆ ಉಷ್ಣಾಂಶ ಓದಿ ಒಂದು ರಿಲೇ ಒತ್ತುವುದಕ್ಕೂ ಲಿನಕ್ಸ್ ಎಂದರೆ, ನಾಲ್ಕು ಜನರಿಗೆ ಕಾಫಿ ಕೊಡಲು ಕಲ್ಯಾಣಮಂಟಪ ಹಿಡಿದಂತೆ. ಅಲ್ಲಿಗೆ ಮೈಕ್ರೋಕಂಟ್ರೋಲರ್ ಸಾಕು, ಬೇಕಿದ್ದರೆ ಫ್ರೀಆರ್‌ಟಿಓಎಸ್‌ನಂಥ ಪುಟ್ಟ ಓಎಸ್.

ಪೂರ್ತಿ ಓಎಸ್ ಹಾಕಿದವನು ಅದರೊಳಗೆ ತಾನು ಬಳಸದೇ ಬಿಟ್ಟದ್ದಕ್ಕೂ ಜವಾಬ್ದಾರ. 2016ರ ಮಿರಾಯ್ ಮಾಲ್‌ವೇರ್ ನೆನಪಿರಲಿ. ಕ್ಯಾಮೆರಾ, ರೂಟರ್‌ಗಳಲ್ಲಿ ಟೆಲ್ನೆಟ್ ತೆರೆದೇ ಇತ್ತು, ಕಾರ್ಖಾನೆಯ ಪಾಸ್‌ವರ್ಡ್ ಹಾಗೇ ಇತ್ತು. ಅಂಥ 60ರಷ್ಟು ಪಾಸ್‌ವರ್ಡ್‌ಗಳ ಪಟ್ಟಿ ಹಿಡಿದು ಆ ಮಾಲ್‌ವೇರ್ ಒಳನುಗ್ಗಿತು. ಅಕ್ಟೋಬರ್ 21ರಂದು ಅವೇ ಪೆಟ್ಟಿಗೆಗಳು ಡಿಎನ್‌ಎಸ್ ಕಂಪನಿ ಡಿನ್ ಮೇಲೆ ಮುಗಿಬಿದ್ದವು, ಟ್ವಿಟರ್, ನೆಟ್‌ಫ್ಲಿಕ್ಸ್ ಅನೇಕರಿಗೆ ಸಿಗದಾದವು. ರಾಸ್ಪ್‌ಬೆರಿ ಪೈನವರು ‘ಪೈ’ ಎಂಬ ಸಿದ್ಧ ಯೂಸರನ್ನು ಕೈಬಿಟ್ಟದ್ದು 2022ರ ಏಪ್ರಿಲ್‌ನಲ್ಲಿ. ತಡವಾಯಿತು ಅನ್ನುತ್ತೇನೆ ನಾನು. ನೀನು ಬಿಲ್ಡ್‌ರೂಟ್ ಅಥವಾ ಯೋಕ್ಟೊ ಕಲಿ. ಸಿಕ್ಕಿದ ಇಮೇಜಿನಿಂದ ಬೇಡದ್ದನ್ನು ತೆಗೆಯುತ್ತಾ ಕೂರುವ ಬದಲು, ಬೇಕಾದ್ದನ್ನಷ್ಟೇ ಸೇರಿಸಿ ಕಟ್ಟಬಹುದು.

ಪೆಟ್ಟಿಗೆ ಗಿರಾಕಿಯ ಕೈಗೆ ಹೋಗುವ ಮೊದಲು, ಐದು ವರ್ಷದ ನಂತರ ಅದರ ಕರ್ನಲ್ ಅಪ್‌ಡೇಟ್ ಮಾಡುವವರು ಯಾರೆಂದು ಕಾಗದದ ಮೇಲೆ ಹೆಸರು ಬರೆದಿಡು. ಬರೆಯಲು ಹೆಸರಿಲ್ಲದಿದ್ದರೆ ಅದನ್ನು ನೆಟ್‌ಗೆ ಸೇರಿಸಬೇಡ.