ನೆನಪಿನ ಆಟ, ಆಟದ ನೆನಪು

“ನಮ್ಮ ಕಾಲದ ಆಟಾನ ಬ್ಯಾರೆ, ಈಗಿನವೆಲ್ಲಾ ಬರೇ ನಕಲು!” ಬೇಸಗೆಯ ರಜೆಗೆ ಅಥಣಿಗೆ ಬಂದ ಹಿರಿಯಣ್ಣಂದಿರು ಬಾಲ್ಯದ ವೀಡಿಯೋ ಆಟಗಳನ್ನು ನೆನೆದು ಹೀಗೆನ್ನುವುದುಂಟು. ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದನ್ನು ವಿಚಾರಿಸೋಣ.

ಜಪಾನಿನ ನಿಂಟೆಂಡೊ ಸಂಸ್ಥೆಯು 1983ರಲ್ಲಿ ‘ಫ್ಯಾಮಿಕಾಮ್’ ಎಂಬ ಆಟದ ಯಂತ್ರವನ್ನು ಹೊರತಂದಿತು. 1990ರ ದಶಕದಲ್ಲಿ ನಮ್ಮ ಪೇಟೆಗಳಿಗೆ ಹೆಚ್ಚಾಗಿ ಬಂದುದು ಅದಲ್ಲ, ಅದರ ಅನುಕರಣೆಗಳು. ಜನರು ‘ಕ್ಯಾಸೆಟ್’ ಎನ್ನುತ್ತಿದ್ದ ಡಬ್ಬಿಗಳಲ್ಲಿ ಕೆಲವುಗಳ ಮೇಲೆ 99,99,999 ಆಟಗಳಿವೆಯೆಂದು ಬರೆದಿರುತ್ತಿತ್ತು. ಒಳಗಿದ್ದುವು ಬೆರಳೆಣಿಕೆಯ ಆಟಗಳು. ಅವನ್ನೇ ಬೇರೆ ಬೇರೆ ಹಂತಗಳಿಂದ ಆರಂಭಿಸಿ ಪಟ್ಟಿಯನ್ನು ಬೆಳೆಸಲಾಗಿತ್ತು. ಹೀಗೆ, ನಕಲಿಲ್ಲದ ಕಾಲವೆಂದು ನೆನೆಯುವ ಕಾಲವೂ ನಕಲಿನ ಕಾಲವೇ ಆಗಿತ್ತು!

ಹಾಗಾದರೆ ಮೂಲದ ಆಟಗಳಾದರೂ ಶುದ್ಧ ಸ್ವತಂತ್ರವೆ? 1972ರಲ್ಲಿ ನೋಲನ್ ಬುಷ್ನೆಲ್ ಅವರು ‘ಒಡಿಸ್ಸಿ’ ಎಂಬ ಯಂತ್ರದ ಮೇಲೆ ಟೇಬಲ್ ಟೆನ್ನಿಸ್ ಆಟವನ್ನು ಕಂಡರು. ಅದೇ ವರ್ಷ ಅವರ ‘ಅಟಾರಿ’ ಸಂಸ್ಥೆಯ ‘ಪಾಂಗ್’ ಹೊರಬಂದಿತು. ಮೊಕದ್ದಮೆ ನಡೆದು, 1976ರಲ್ಲಿ ರಾಜಿಯಾಯಿತು. ಆದರೂ ಪಾಂಗ್ ಬರಿಯ ನಕಲಲ್ಲ. ಬ್ಯಾಟಿನ ಯಾವ ಭಾಗಕ್ಕೆ ತಗುಲಿತೆಂಬುದರ ಮೇಲೆ ಚೆಂಡಿನ ಕೋನ ಬದಲಾಗುತ್ತಿತ್ತು. ಆಟ ಮುಂದುವರಿದಂತೆ ಚೆಂಡಿನ ವೇಗ ಹೆಚ್ಚುತ್ತಿತ್ತು. ಎರವಲು ತಂದ ಬೀಜಕ್ಕೆ ಸೇರಿಸಿದ ಈ ಗುಣಗಳಲ್ಲಿಯೇ ಅದರ ಸ್ವಂತಿಕೆಯಿದೆ.

ಅಥಣಿಯವರಿಗೆ ಇದು ಹೊಸ ಸಂಗತಿಯೇನಲ್ಲ. ಇಲ್ಲಿ ಹೊಲಿಯುವ ಚಪ್ಪಲಿಯ ಹೆಸರು ಕೊಲ್ಹಾಪುರದ್ದು, ಕೈ ಅಥಣಿಯದು. 2019ರಲ್ಲಿ ಅದಕ್ಕೆ ದೊರೆತ ಭೌಗೋಳಿಕ ಗುರುತಿನಲ್ಲಿ ಬೆಳಗಾವಿ ಜಿಲ್ಲೆಯೂ ಸೇರಿದೆ. ಮಾದರಿ ಹಳೆಯದಾದರೂ ಹೆಣಿಗೆಯಲ್ಲಿ ಕುಶಲಿಯ ಕೈಗುಣ ಕಾಣಿಸುತ್ತದೆಯಲ್ಲವೆ?

ಇನ್ನು ನೆನಪಿನ ವಿಷಯ. 1985ರ ‘ಸೂಪರ್ ಮಾರಿಯೋ ಬ್ರದರ್ಸ್’ ಆಟದ ಗಾತ್ರ ಕೇವಲ 40 ಕಿಲೋಬೈಟ್. ಸ್ಥಳವನ್ನು ಉಳಿಸಲು ಅದರ ರಚಕರು ಒಂದೇ ಚಿತ್ರಕ್ಕೆ ಬಿಳಿ ಬಣ್ಣ ಕೊಟ್ಟು ಮೋಡವನ್ನೂ, ಹಸಿರು ಕೊಟ್ಟು ಪೊದೆಯನ್ನೂ ಮಾಡಿದರು. ನೂರಾರು ಸಲ ಆಡಿದವರಲ್ಲಿಯೂ ಅನೇಕರು ಇದನ್ನು ಗಮನಿಸಿರುವುದಿಲ್ಲ. ಏಕೆ? ನೆನಪು ಛಾಯಾಚಿತ್ರವಲ್ಲ. ಕೇಂಬ್ರಿಜ್‌ನ ಮನೋವಿಜ್ಞಾನಿ ಬಾರ್ಟ್ಲೆಟ್ ಅವರು 1932ರ ತಮ್ಮ ಗ್ರಂಥದಲ್ಲಿ ತೋರಿಸಿದಂತೆ, ಓದಿದ ಕಥೆಯನ್ನು ಜನ ಮರಳಿ ಹೇಳುವಾಗ ಅಪರಿಚಿತವಾದುದನ್ನು ಕೈಬಿಟ್ಟು, ಪರಿಚಿತವಾದುದರಿಂದ ತೆರಪನ್ನು ತುಂಬುತ್ತಾರೆ. ಪ್ರತಿಯೊಂದು ನೆನಪೂ ಹೊಸ ಕಟ್ಟಡವೇ.

ಹಾಗೆಂದು ಅಣ್ಣನ ಸಂತೋಷ ಸುಳ್ಳಲ್ಲ. ಒಂದೇ ಟಿ.ವಿ.ಯ ಮುಂದೆ ತಮ್ಮ ಸರದಿಗಾಗಿ ಕಾದ ಮಧ್ಯಾಹ್ನಗಳು ನಿಜವಾದುವೇ. ಆದರೆ ಆ ಸಂತೋಷವು ಅಂದಿನ ಒಡನಾಟಕ್ಕೆ ಸಾಕ್ಷಿ. ಆಟದ ಸ್ವಂತಿಕೆಗೆ ಸಾಕ್ಷಿಯಲ್ಲ. ಇವೆರಡನ್ನೂ ಬೆರೆಸಿದರೆ ಇಂದಿನ ಹೊಸ ರಚನೆಗಳಿಗೆ ನಾವು ಅನ್ಯಾಯ ಮಾಡಿದಂತಾಗುತ್ತದೆ.

ವಿದ್ಯಾರ್ಥಿಗಳು ಒಂದು ಪ್ರಯೋಗ ಮಾಡಬಹುದು. ಆ ಆಟವನ್ನಾಡಿದ ಹಿರಿಯರಿಂದ ಮೋಡ ಮತ್ತು ಪೊದೆಯ ಚಿತ್ರಗಳನ್ನು ನೆನಪಿನಿಂದಲೇ ಬರೆಯಿಸಿ. ಬಳಿಕ ಆಟವನ್ನು ತೋರಿಸಿ, ಎರಡನ್ನೂ ಹೋಲಿಸಿ ನೋಡಿ. ಅವರು ತಾವು ಬರೆದುದನ್ನು ತಾವೇ ಕಂಡು ನಕ್ಕರೆ, ಪ್ರಯೋಗ ಸಫಲವಾಯಿತೆಂದು ತಿಳಿಯಿರಿ.