ಬಹುಕಾಲ ಬಾಳುವ ಗಣಕಯಂತ್ರ

ಬದನಗುಪ್ಪೆಯಿಂದ ಕಾಲೇಜಿಗೆ ಬರುವ ವಿದ್ಯಾರ್ಥಿಯೊಬ್ಬನು ಹೋದ ತಿಂಗಳು ಒಂದು ಪಟ್ಟಿಯನ್ನು ತಂದು ನನ್ನ ಮೇಜಿನ ಮೇಲಿಟ್ಟನು. ಅರಿಸಿನ ಮಾರಿ ಬಂದ ಹಣದಲ್ಲಿ ಅವನ ತಂದೆ ಗಣಕಯಂತ್ರಕ್ಕೆಂದು 50,000 ರೂಪಾಯಿ ತೆಗೆದಿಟ್ಟಿದ್ದರು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಬಿಡಿಭಾಗಗಳನ್ನು ಕೊಂಡು ತಾನೇ ಜೋಡಿಸಬೇಕೆಂಬುದು ಹುಡುಗನ ಆಸೆ. “ಹತ್ತು ವರ್ಷವಾದರೂ ಬಾಳಿಕೆ ಬರಬೇಕು ಸಾರ್, ಮತ್ತೆ ಕೊಳ್ಳಲು ನಮ್ಮಿಂದಾಗದು” ಎಂದನು. ಪಟ್ಟಿಯಲ್ಲಿ ಹಣದ ಬಹುಭಾಗ ಪ್ರೊಸೆಸರಿಗೆ ಹೋಗಿತ್ತು. ಪವರ್ ಸಪ್ಲೈ ಎಂಬಲ್ಲಿ ‘ಕ್ಯಾಬಿನೆಟ್ಟಿನ ಜೊತೆ ಬರುವುದು’ ಎಂದಷ್ಟೇ ಇತ್ತು. ನಾನು ಪಟ್ಟಿಯನ್ನು ಕೆಳಗಿನಿಂದ ಮೇಲಕ್ಕೆ ಓದಲು ಹೇಳಿದೆನು.

ಮಿತಿಯೊಳಗೆ ದುಡಿಸಿದ ಪ್ರೊಸೆಸರು ಹತ್ತು ವರ್ಷದಲ್ಲಿ ಸಾಯುವುದು ಅಪರೂಪ. ಮೊದಲು ಸವೆಯುವುವು ತಿರುಗುವ ಫ್ಯಾನುಗಳು ಮತ್ತು ಪವರ್ ಸಪ್ಲೈಯೊಳಗಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳು. ಈ ಕೆಪಾಸಿಟರೆಂದರೆ ಅಲ್ಯೂಮಿನಿಯಮಿನ ಎರಡು ತೆಳು ಹಾಳೆಗಳ ನಡುವೆ ದ್ರವದಲ್ಲಿ ನೆನೆದ ಕಾಗದವನ್ನಿಟ್ಟು ಸುತ್ತಿದ ಸುರುಳಿ. ಆ ದ್ರವವು ರಬ್ಬರಿನ ಮುಚ್ಚಳದ ಮೂಲಕ ವರ್ಷಗಟ್ಟಲೆ ಸ್ವಲ್ಪ ಸ್ವಲ್ಪವಾಗಿ ಆರಿಹೋಗುತ್ತದೆ. ಶಾಖ ಹೆಚ್ಚಿದಷ್ಟೂ ಬೇಗ. ಉಷ್ಣತೆ 10 ಡಿಗ್ರಿ ಸೆಲ್ಸಿಯಸ್ ಇಳಿದರೆ ಇದರ ಆಯುಸ್ಸು ಸುಮಾರು ಎರಡರಷ್ಟಾಗುವುದೆಂಬುದು ಎಂಜಿನಿಯರುಗಳ ಸ್ಥೂಲ ನಿಯಮ.

ಈಗ ಲೆಕ್ಕ ಮಾಡಿ ನೋಡೋಣ. ಒಂದು ಕೆಪಾಸಿಟರಿನ ಮೇಲೆ 105 ಡಿಗ್ರಿ, 2,000 ಗಂಟೆ ಎಂದು ನಮೂದಾಗಿದೆ. ಅದು 65 ಡಿಗ್ರಿಯಲ್ಲಿ ಕೆಲಸ ಮಾಡಿದರೆ ನಾಲ್ಕು ಸಲ ಇಮ್ಮಡಿಸಿ 32,000 ಗಂಟೆ. ದಿನಕ್ಕೆ 8 ಗಂಟೆಯಂತೆ ಹತ್ತಿರಹತ್ತಿರ 11 ವರ್ಷ. ಅದೇ ಜಾಗದಲ್ಲಿ 85 ಡಿಗ್ರಿಯ ಅಗ್ಗದ ಕೆಪಾಸಿಟರಿದ್ದರೆ 8,000 ಗಂಟೆ, ಅಂದರೆ ಮೂರು ವರ್ಷವೂ ಇಲ್ಲ! ಹೊರಗಿನಿಂದ ಎರಡು ಪೆಟ್ಟಿಗೆಗಳೂ ಒಂದೇ ರೀತಿ ಕಾಣುತ್ತವೆ. ಇನ್ನು ಕಲ್ಲುಗಣಿಗಳ ನಮ್ಮ ಸೀಮೆಯ ಧೂಳು ಗಾಳಿಯ ದಾರಿಯನ್ನು ಮುಚ್ಚಿ ಒಳಗಿನ ಉಷ್ಣತೆಯನ್ನು ಹತ್ತು ಡಿಗ್ರಿ ಏರಿಸಿತೆನ್ನಿ. 11 ವರ್ಷ ಐದೂವರೆಗೆ ಇಳಿಯಿತು. ಮುಂಭಾಗದಲ್ಲಿ ಬಿಚ್ಚಿ ತೊಳೆಯಬಹುದಾದ ಜಾಲರಿಯಿರುವ ಕ್ಯಾಬಿನೆಟ್ಟನ್ನೇ ಆರಿಸಿರೆಂದು ಹೇಳುವುದು ಇದಕ್ಕಾಗಿ. ಬಣ್ಣದ ದೀಪಗಳು ಇಲ್ಲದಿದ್ದರೆ ನಷ್ಟವಿಲ್ಲ.

ಇದನ್ನು ನಾನು ದಂಡ ತೆತ್ತು ಕಲಿತವನು. ಕೆಲವು ವರ್ಷಗಳ ಹಿಂದೆ ಅಗ್ಗದ ಪವರ್ ಸಪ್ಲೈಯೊಂದನ್ನು ಕೊಂಡಿದ್ದೆನು. ಮಳೆಯ ಒಂದು ಸಂಜೆ ವಿದ್ಯುತ್ತು ಹೋಗಿ ಬಂದು ಮಾಡುತ್ತಿದ್ದಾಗ ಅದು ಸುಟ್ಟಿತು. ತಾನೊಂದೇ ಹೋಗದೆ ಮದರ್‌ಬೋರ್ಡನ್ನೂ ಡಿಸ್ಕನ್ನೂ ಜೊತೆಗೆ ಕರೆದೊಯ್ದಿತು. ವೋಲ್ಟೇಜು ಮಿತಿಮೀರಿದೊಡನೆ ತಾನಾಗಿ ನಿಂತುಹೋಗುವ ಏರ್ಪಾಡು ಒಳ್ಳೆಯ ಪವರ್ ಸಪ್ಲೈಯಲ್ಲಿ ಇರುತ್ತದೆ. ಹಳ್ಳಿಯಲ್ಲಿ ಪಂಪ್‌ಸೆಟ್ಟುಗಳು ಒಟ್ಟಿಗೆ ಹೊರಟಾಗ ದೀಪ ಮಂಕಾಗುವುದುಂಟಷ್ಟೆ. 100ರಿಂದ 240 ವೋಲ್ಟಿನವರೆಗೆ ಒಪ್ಪುವ ಪವರ್ ಸಪ್ಲೈಗೆ ಅದರಿಂದ ತೊಂದರೆಯಿಲ್ಲ. ಯು.ಪಿ.ಎಸ್. ಬೇಕೇ ಬೇಕು, ಅದರ ಬ್ಯಾಟರಿಯನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕಾದೀತು.

ಪ್ರೊಸೆಸರನ್ನು ಆರಿಸುವಾಗ ವೇಗದೊಡನೆ ವಾಟನ್ನೂ ನೋಡಿ. 65 ವಾಟಿನ ಪ್ರೊಸೆಸರು ಸುಮಾರು 1.2 ವೋಲ್ಟಿನಲ್ಲಿ ಕೆಲಸ ಮಾಡುವಾಗ ಎಷ್ಟು ವಿದ್ಯುತ್ಪ್ರವಾಹ ಬೇಕು? ವಾಟನ್ನು ವೋಲ್ಟಿನಿಂದ ಭಾಗಿಸಿದರೆ 54 ಆಂಪಿಯರು! ಮನೆಯ ದೊಡ್ಡ ಸಾಕೆಟ್ಟು 16 ಆಂಪಿಯರಿನದು. 12 ವೋಲ್ಟನ್ನು ಇಳಿಸಿ ಈ ಪ್ರವಾಹವನ್ನು ಒದಗಿಸುವ ಭಾಗ ಮದರ್‌ಬೋರ್ಡಿನ ಮೇಲಿದೆ. ಅದಕ್ಕೆ ಶಾಖ ಹೀರುವ ಲೋಹದ ಫಲಕ ಹೊದಿಸಿದೆಯೇ ಎಂದು ನೋಡಿಕೊಳ್ಳಬೇಕು.

ಎಸ್.ಎಸ್.ಡಿ. ಬರೆದಂತೆ ಸವೆಯುವುದೆಂಬ ಭಯ ಬೇಡ. 1 ಟೆರಾಬೈಟಿನ ಹಲವು ಎಸ್.ಎಸ್.ಡಿ.ಗಳಿಗೆ 600 ಟೆರಾಬೈಟು ಬರೆಯುವಷ್ಟು ಆಯುಸ್ಸು ನಮೂದಾಗಿರುತ್ತದೆ. ದಿನಕ್ಕೆ 20 ಗಿಗಾಬೈಟಿನಂತೆ 30,000 ದಿನ. ಬೇರೆ ಕಾರಣದಿಂದ ಕೆಡಬಹುದು, ಆದುದರಿಂದ ಪ್ರತಿಯೊಂದು ಬೇರೆಡೆ ಇರಲಿ.

ಕೆಡದೆಯೇ ಮುಪ್ಪಾಗುವ ಯಂತ್ರಗಳೂ ಉಂಟು. 2025ರ ಅಕ್ಟೋಬರ್ 14ರಂದು ವಿಂಡೋಸ್ 10ರ ಸಾಮಾನ್ಯ ಬೆಂಬಲ ನಿಂತಿತು. ವಿಂಡೋಸ್ 11 ಕೇಳುವ ಟಿ.ಪಿ.ಎಮ್. 2.0 ಮುಂತಾದುವು ಇಲ್ಲದ ಗಟ್ಟಿಮುಟ್ಟಾದ ಯಂತ್ರಗಳು ಹಿಂದೆ ಉಳಿದುವು. ಅವುಗಳಿಗೆ ಲಿನಕ್ಸ್ ಆಸರೆ. ಹೊಸದಾಗಿ ಕೊಳ್ಳುವವರು ಪ್ರೊಸೆಸರು ಕೂರುವ ಸಾಕೆಟ್ಟಿನ ಚರಿತ್ರೆಯನ್ನೂ ನೋಡಬೇಕು. 2016ರಲ್ಲಿ ಬಂದ ಎ.ಎಮ್.ಡಿ. ಕಂಪನಿಯ ಎ.ಎಮ್.4 ಸಾಕೆಟ್ಟಿಗೆ 2024ರಲ್ಲೂ ಹೊಸ ಪ್ರೊಸೆಸರುಗಳು ಹೊರಟುವು. ಅದರ ಮುಂದಿನ ಎ.ಎಮ್.5 ಬಂದುದು 2022ರಲ್ಲಿ.

“ಹಾಗಾದರೆ ಪ್ರೊಸೆಸರು ಒಂದು ಮೆಟ್ಟಿಲು ಇಳಿಯಬೇಕೇ?” ಎಂದು ಹುಡುಗನು ಮುಖ ಸಣ್ಣದು ಮಾಡಿದನು. ಇಳಿಯಬೇಕು, ನಾಲ್ಕು ವರ್ಷ ಬಿಟ್ಟು ಅದೊಂದನ್ನೇ ಬದಲಿಸಬಹುದು. ಬೆಂಗಳೂರಿಗೆ ಹೊರಡುವ ಮುನ್ನ ಮನೆಯ ಮೂರು ಪಿನ್ನಿನ ಸಾಕೆಟ್ಟಿಗೆ ಅರ್ತ್ ಇದೆಯೇ ಎಂದು ನೋಡಿಸಲು ಹೇಳಿ ಕಳುಹಿಸಿದೆನು. ಅರ್ತಿನ ತಂತಿ ಗೋಡೆಯೊಳಗೇ ಮುಗಿದಿತ್ತಂತೆ. ಮೊದಲ ಖರ್ಚು ಅದಕ್ಕೇ ಆಯಿತು.