ಎಲೆಯೊಳಗಿನ ಅಂಬಿಗರು

ಮಳೆಗಾಲ ಕಳೆಯುವ ಹೊತ್ತಿಗೆ ಜೋಯಿಡಾದ ಕಾಡೂ ಮುಂಡಗೋಡದ ಗದ್ದೆಯೂ ಒಂದೇ ಹಸಿರನ್ನು ಹೊದ್ದಂತೆ ತೋರುತ್ತವೆ. ಹಳಿಯಾಳದ ತೇಗ, ಒಂದು ಕಾಲಕ್ಕೆ ದಾಂಡೇಲಿಯ ಗಿರಣಿಯಲ್ಲಿ ಕಾಗದವಾದ ಬಿದಿರು, ಗದ್ದೆಯ ಭತ್ತ, ಇವೆಲ್ಲ ಬಿಸಿಲಿನ ಬಲದಿಂದ ತಮ್ಮ ಆಹಾರವನ್ನು ತಾವೇ ತಯಾರಿಸಿಕೊಂಡು ಬೆಳೆದವು. ಈ ಕಾರ್ಯದಲ್ಲಿ ಪತ್ರಹರಿತ್ತಿಗೆ ಸಿಕ್ಕ ಕೀರ್ತಿ ದೊಡ್ಡದು. ಅದರ ಬಳಿಯಲ್ಲೇ ದುಡಿಯುವ ಕಿರಿಯ ಪ್ರೋಟೀನುಗಳ ಹೆಸರನ್ನು ಕೇಳಿದವರು ವಿರಳ.

ಎಲೆಯ ಜೀವಕೋಶಗಳಲ್ಲಿ ಕ್ಲೋರೋಪ್ಲಾಸ್ಟ್ ಎಂಬ ಹಸಿರು ಕಣಗಳಿವೆ. ಅವುಗಳೊಳಗೆ ತೆಳುವಾದ ಪೊರೆಯ ಚೀಲಗಳು ಒಂದರ ಮೇಲೊಂದು ಅಡುಕಿಕೊಂಡಿವೆ. ದೊಡ್ಡ ಪ್ರೋಟೀನುಗಳ ಕೂಟಗಳು ಈ ಪೊರೆಯಲ್ಲಿ ನೆಟ್ಟಂತೆ ಕುಳಿತಿರುತ್ತವೆ. ಬಿಸಿಲು ಬಿದ್ದಾಗ ಒಂದು ಕೂಟವು ನೀರನ್ನು ಒಡೆಯುತ್ತದೆ. ಆಮ್ಲಜನಕ ಗಾಳಿಗೆ ಸೇರುತ್ತದೆ. ಬಿಡಿಸಿಕೊಂಡ ಎಲೆಕ್ಟ್ರಾನು ಕೂಟದಿಂದ ಕೂಟಕ್ಕೆ ಸಾಗಬೇಕು. ಆದರೆ ಕೂಟಗಳು ಒಂದಕ್ಕೊಂದು ತಾಗಿಕೊಂಡಿಲ್ಲ. ಸೇತುವೆಯಿಲ್ಲದ ಹೊಳೆಯಲ್ಲಿ ಅಂಬಿಗನೇ ಗತಿ.

ಚೀಲದ ಒಳಗಿನ ನೀರಿನಲ್ಲಿ ಓಡಾಡುವ ಅಂಬಿಗನಿಗೆ ಪ್ಲಾಸ್ಟೊಸಯನಿನ್ ಎಂದು ಹೆಸರು. ಸುಮಾರು 99 ಅಮೈನೊ ಆಮ್ಲಗಳ ಈ ಸಣ್ಣ ಪ್ರೋಟೀನಿನ ಮಡಿಲಲ್ಲಿ ತಾಮ್ರದ ಒಂದೇ ಒಂದು ಪರಮಾಣು ಇರುತ್ತದೆ. ಅದು ಹೊರುವುದು ಒಂದು ಸಲಕ್ಕೆ ಒಂದೇ ಎಲೆಕ್ಟ್ರಾನನ್ನು. ಹೊರೆಯಿಲ್ಲದಿರುವಾಗ ಅದರ ಬಣ್ಣ ನೀಲಿ. ಎಲೆಕ್ಟ್ರಾನು ಏರಿದೊಡನೆ ಆ ಬಣ್ಣ ಮಾಯವಾಗುತ್ತದೆ. ಇಷ್ಟು ಹಸಿರಿನ ನಡುವೆ ಆ ನೀಲಿಯನ್ನು ಕಂಡವರಾದರೂ ಯಾರು? ಜಪಾನಿನ ಸಕಾಎ ಕಾಟೊ ಅವರು 1960ರಲ್ಲಿ ಕ್ಲೋರೆಲ್ಲ ಎಂಬ ಪಾಚಿಯಿಂದ ಅದನ್ನು ಬೇರ್ಪಡಿಸಿದರು. 1978ರಲ್ಲಿ ಸಿಡ್ನಿಯ ಹ್ಯಾನ್ಸ್ ಫ್ರೀಮನ್ ಮತ್ತು ಸಂಗಡಿಗರು ಪಾಪ್ಲರ್ ಮರದ ಎಲೆಯಿಂದ ತೆಗೆದ ಪ್ಲಾಸ್ಟೊಸಯನಿನ್ನಿನ ರಚನೆಯನ್ನು ಬಿಡಿಸಿ ತೋರಿಸಿದರು.

ಪ್ಲಾಸ್ಟೊಸಯನಿನ್ ತಂದೊಪ್ಪಿಸಿದ ಎಲೆಕ್ಟ್ರಾನಿಗೆ ಮುಂದಿನ ಕೂಟದಲ್ಲಿ ಬೆಳಕು ಮತ್ತೊಮ್ಮೆ ಬಲ ನೀಡುತ್ತದೆ. ಆಗ ಪೊರೆಯ ಹೊರಬದಿಯಲ್ಲಿ ಕಾದಿರುವ ಫೆರೆಡಾಕ್ಸಿನ್ ಅದನ್ನು ಹತ್ತಿಸಿಕೊಳ್ಳುತ್ತದೆ. ಇದೂ ಪುಟ್ಟದೇ. ಇದರಲ್ಲಿರುವುದು ಕಬ್ಬಿಣ ಮತ್ತು ಗಂಧಕ. ಇಂಗಾಲದ ಡೈಆಕ್ಸೈಡು ಸಕ್ಕರೆಯಾಗಲು ಬೇಕಾದ ಶಕ್ತಿಯ ಒಂದು ಪಾಲು ಈ ದಾರಿಯಿಂದಲೇ ಒದಗುತ್ತದೆ. ಬೇರು ಹೀರಿದ ನೈಟ್ರೇಟು ಗಿಡದ ಮೈಗೂಡುವುದಕ್ಕೂ ಫೆರೆಡಾಕ್ಸಿನ್ನಿನ ನೆರವು ಬೇಕು.

ಅಂಬಿಗನಿಲ್ಲದಿದ್ದರೆ ಏನಾದೀತು? ತಾಮ್ರದ ಅಭಾವವಾದಾಗ ಕೆಲವು ಪಾಚಿಗಳು ಜಾಣತನ ತೋರುತ್ತವೆ. ಪ್ಲಾಸ್ಟೊಸಯನಿನ್ನನ್ನು ಬಿಟ್ಟು, ಕಬ್ಬಿಣವುಳ್ಳ ಇನ್ನೊಂದು ಸಣ್ಣ ಪ್ರೋಟೀನನ್ನು ಆ ಕೆಲಸಕ್ಕೆ ಹಚ್ಚುತ್ತವೆ. ಭತ್ತಕ್ಕಾಗಲಿ ತೇಗಕ್ಕಾಗಲಿ ಆ ಉಪಾಯ ತಿಳಿಯದು. ಮಣ್ಣಿನಲ್ಲಿ ತಾಮ್ರ ತೀರ ಕಡಿಮೆಯಾದರೆ ಅಂಬಿಗರ ಸಂಖ್ಯೆ ಇಳಿಯುತ್ತದೆ, ಎಲೆಕ್ಟ್ರಾನುಗಳ ಸಾಗಣೆ ಕುಂಠಿತವಾಗುತ್ತದೆ. ಸಾಸಿವೆಯ ಕುಲಕ್ಕೆ ಸೇರಿದ ಅರಬಿಡಾಪ್ಸಿಸ್ ಎಂಬ ಕಿರುಗಿಡಕ್ಕೆ ಪ್ಲಾಸ್ಟೊಸಯನಿನ್ನಿನ ಎರಡು ಜೀನುಗಳಿವೆ. ಅವೆರಡೂ ಕೆಲಸ ಮಾಡದಂತೆ ಮಾಡಿದ ಪ್ರಯೋಗವೊಂದರ ಫಲಿತಾಂಶ 2003ರಲ್ಲಿ ಪ್ರಕಟವಾಯಿತು. ಬೆಳಕಿತ್ತು, ನೀರಿತ್ತು, ಪತ್ರಹರಿತ್ತೂ ಇತ್ತು. ಆದರೂ ಬಿಸಿಲೊಂದನ್ನೇ ನಂಬಿ ಬದುಕಲು ಆ ಸಸಿಗಳಿಂದ ಆಗಲಿಲ್ಲ.